ಸ್ಫೋಟದ ಮೊದಲ ಹತ್ತು ನಿಮಿಷ, ಆಮೇಲಿನ ಹತ್ತು ವರ್ಷ

2024ರ ಮಾರ್ಚ್ 1ರ ಶುಕ್ರವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಚೀಲ ಸಿಡಿಯಿತು. ಹತ್ತರ ಆಸುಪಾಸು ಜನ ಗಾಯಗೊಂಡರು, ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಎಂಟು ಹತ್ತು ದಿನ ಕಳೆಯುವುದರೊಳಗೆ ಅದೇ ಜಾಗದಲ್ಲಿ ಜನ ಮತ್ತೆ ತಿಂಡಿಗೆ ಸಾಲು ನಿಂತರು. ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಬಂದಿತ್ತು, ಅಷ್ಟೇ ಹೊಸದು. ಈ ಸಾಲನ್ನು ಧೈರ್ಯ ಎಂದವರಿದ್ದರು, ಮರೆವು ಎಂದವರೂ ಇದ್ದರು.

ಭಯೋತ್ಪಾದನೆಯ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಭಿನ್ನಾಭಿಪ್ರಾಯದಲ್ಲೇ. ಒಂದು ಸಮಾಜ ಸಿದ್ಧವಾಗಿದೆ ಎಂದು ಯಾವಾಗ ಹೇಳಬಹುದು? ಬಾಂಬ್ ಸಿಡಿಯದಂತೆ ತಡೆದಾಗಲೋ, ಸಿಡಿದರೂ ಸಾಯುವವರು ಕಡಿಮೆಯಾದಾಗಲೋ, ಮಾರನೆಯ ದಿನ ಅಂಗಡಿ ಬಾಗಿಲು ತೆಗೆದಾಗಲೋ, ಪಕ್ಕದ ಬೀದಿಯ ಹುಡುಗನನ್ನು ಅನುಮಾನದಿಂದ ನೋಡದೇ ಇದ್ದಾಗಲೋ? ಪೊಲೀಸರು, ವೈದ್ಯರು, ಮನಶ್ಶಾಸ್ತ್ರಜ್ಞರು, ವಕೀಲರು ಈ ಪ್ರಶ್ನೆಗೆ ತಂತಮ್ಮ ಉತ್ತರ ಇಟ್ಟುಕೊಂಡಿದ್ದಾರೆ. ನಮ್ಮ ದೇಶದಲ್ಲಿ ಮಾತ್ರ ಹಣವೂ ಮಾತೂ ಬಹುಪಾಲು ಮೊದಲ ಉತ್ತರಕ್ಕೇ ಖರ್ಚಾಗಿವೆ ಎಂಬುದು ನನ್ನ ಅನಿಸಿಕೆ. ಸ್ಫೋಟವಾದ ಮೊದಲ ಹತ್ತು ನಿಮಿಷಕ್ಕೂ ಆಮೇಲಿನ ಹತ್ತು ವರ್ಷಕ್ಕೂ ಉಳಿದದ್ದು ಅಲ್ಪ.

ಕಾಯ್ದೆಯ ನಲವತ್ತು ವರ್ಷ

1985ರ ಮೇ ತಿಂಗಳಲ್ಲಿ ದೆಹಲಿಯಲ್ಲೂ ಉತ್ತರದ ಬೇರೆ ಊರುಗಳಲ್ಲೂ ಟ್ರಾನ್ಸಿಸ್ಟರ್ ರೇಡಿಯೊಗಳೊಳಗೆ ಹುದುಗಿಸಿಟ್ಟಿದ್ದ ಬಾಂಬುಗಳು ಸಿಡಿದವು. ಬಿದ್ದಿದ್ದ ರೇಡಿಯೊ ಯಾರದೆಂದು ಎತ್ತಿ ನೋಡಿದವರು ಸತ್ತರು. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿ ಎಂದು ರೈಲು ನಿಲ್ದಾಣದ ಮೈಕು ಇವತ್ತಿಗೂ ಹೇಳುತ್ತದಲ್ಲ, ಆ ಎಚ್ಚರಿಕೆಯ ಅರ್ಥ ಆ ಬೇಸಿಗೆಯಲ್ಲಿ ಜನರಿಗೆ ಚೆನ್ನಾಗಿ ತಟ್ಟಿತ್ತು. ಅದೇ ತಿಂಗಳು ಸಂಸತ್ತು ಟಾಡಾ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು.

ಅಲ್ಲಿಂದಾಚೆ ಒಂದು ಪದ್ಧತಿಯೇ ಬೆಳೆಯಿತು. ದೊಡ್ಡ ದಾಳಿಯಾಗುತ್ತದೆ, ಅದರ ಬೆನ್ನಿಗೆ ಕಾಯ್ದೆಯೊಂದು ಬರುತ್ತದೆ. ಟಾಡಾ ಕೆಳಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು, ಶಿಕ್ಷೆಯಾದವರ ಪ್ರಮಾಣ ಶೇ. 2ನ್ನೂ ಮುಟ್ಟಲಿಲ್ಲ. 1995ರಲ್ಲಿ ಅದರ ಅವಧಿ ಮುಗಿದಾಗ ಮುಂದುವರಿಸುವ ಉತ್ಸಾಹ ಯಾರಿಗೂ ಇರಲಿಲ್ಲ. ಸಂಸತ್ ಭವನದ ಮೇಲಿನ ದಾಳಿಯ ನಂತರ 2002ರಲ್ಲಿ ಪೋಟಾ ಬಂತು, 2004ರಲ್ಲಿ ಹೋಯಿತು. ಅದೇ ವರ್ಷ ಅದರ ಹಲವು ಅಂಶಗಳು 1967ರ ಯುಎಪಿಎ ಒಳಗೆ ಸೇರಿಕೊಂಡವು. ಮುಂಬೈ ದಾಳಿಯ ಬೆನ್ನಲ್ಲೇ, 2008ರ ಡಿಸೆಂಬರ್‌ನಲ್ಲಿ ಅದೇ ಕಾಯ್ದೆ ಇನ್ನಷ್ಟು ಬಿಗಿಯಾಯಿತು, ರಾಷ್ಟ್ರೀಯ ತನಿಖಾ ದಳ ಹುಟ್ಟಿತು. 2019ರ ತಿದ್ದುಪಡಿಯಿಂದ ಸಂಘಟನೆಯನ್ನಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕ ಎಂದು ಘೋಷಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲೇ ಭಯೋತ್ಪಾದಕ ಕೃತ್ಯಕ್ಕೆ ಪ್ರತ್ಯೇಕ ಕಲಂ ಇದೆ.

ನಮ್ಮ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ ಭಯೋತ್ಪಾದನೆ ಎದುರಿಸುವ ಬಗ್ಗೆಯೇ ಒಂದು ವರದಿ ಕೊಟ್ಟಿತ್ತು, ಅದೂ 2008ರ ಜೂನ್‌ನಲ್ಲಿ, ಮುಂಬೈ ದಾಳಿಗೆ ಐದು ತಿಂಗಳು ಮುಂಚೆ. ಕಾನೂನು, ತನಿಖೆ, ಉಗ್ರರಿಗೆ ಹರಿಯುವ ಹಣ ಇವುಗಳ ಜೊತೆಗೆ ನಾಗರಿಕರ ಮತ್ತು ಮಾಧ್ಯಮದ ಪಾತ್ರವನ್ನೂ ಅದು ಚರ್ಚಿಸಿತ್ತು. ನವೆಂಬರ್ ನಂತರ ಕಾನೂನು ಮತ್ತು ತನಿಖೆಯ ಭಾಗಕ್ಕೆ ರೆಕ್ಕೆ ಬಂತು. ನಾಗರಿಕರ ಅಧ್ಯಾಯದ ಬಗ್ಗೆ ಅಂಥ ಅವಸರ ಯಾರಲ್ಲೂ ಕಾಣಲಿಲ್ಲ.

ಬಾಗಿಲ ಕಾವಲು

ತಡೆಯುವುದೇ ಸಿದ್ಧತೆ ಎನ್ನುವವರ ವಾದ ಹಗುರವಾದದ್ದಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ 329 ಜನ ಸತ್ತರು. ಬಾಂಬಿದ್ದ ಸೂಟ್‌ಕೇಸಿನ ‘ಪ್ರಯಾಣಿಕ’ ವಿಮಾನ ಹತ್ತಿರಲೇ ಇಲ್ಲ. ಹತ್ತದವನ ಲಗೇಜನ್ನು ಇಳಿಸಬೇಕೆಂಬ, ಈಗ ನಮಗೆ ಕಿರಿಕಿರಿ ಎನಿಸುವ ನಿಯಮ ಜಗತ್ತಿನಾದ್ಯಂತ ಬಿಗಿಯಾದದ್ದು ಆಮೇಲೆ. ಮುಂಬೈ ದಾಳಿಯ ರಾತ್ರಿ ಹರಿಯಾಣದ ಮಾನೇಸರ್‌ನಿಂದ ಹೊರಟ ಎನ್‌ಎಸ್‌ಜಿ ಕಮಾಂಡೊಗಳು ಮುಂಬೈ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಮರುವರ್ಷ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಅದರ ನೆಲೆಗಳಾದವು. ಕರ್ನಾಟಕ ‘ಗರುಡ’ ಎಂಬ ತನ್ನದೇ ಪಡೆ ಕಟ್ಟಿತು. ಇವೆಲ್ಲ ಬೇಕಿದ್ದವೇ.

ತೊಡಕಿರುವುದು ದಿನನಿತ್ಯದ ಬಾಗಿಲುಗಳಲ್ಲಿ. ಬೆಂಗಳೂರಿನ ಯಾವುದಾದರೂ ಮಾಲ್‌ಗೆ ಹೋಗಿ ನೋಡಿ. ಚೌಕಟ್ಟು ದಾಟುವಾಗ ಯಂತ್ರ ಕುಂಯ್ ಎನ್ನುತ್ತದೆ. ನಿಮ್ಮ ಮುಂದಿನವರಿಗೂ ಎಂದಿತ್ತು, ಹಿಂದಿನವರಿಗೂ ಎನ್ನುತ್ತದೆ. ಸೆಕ್ಯುರಿಟಿಯಾತ ಕೈಲಿರುವ ಪಟ್ಟಿಯನ್ನು ಬೆನ್ನ ಮೇಲೆ ಒಮ್ಮೆ ಆಡಿಸಿ ‘ಹೋಗಿ ಸಾರ್’ ಎನ್ನುತ್ತಾನೆ. ಬ್ಯಾಗಿನ ಮೊದಲ ಜಿಪ್ ಎಳೆದರೆ ಸಾಕು, ಎರಡನೆಯದನ್ನು ಕೇಳುವವರಿಲ್ಲ. ದಿನವಿಡೀ ನಿಂತೇ ಇರುವ ಆತನನ್ನು ಬೈದು ಪ್ರಯೋಜನವೂ ಇಲ್ಲ. ಚೀಲದಲ್ಲಿ ನಿಜಕ್ಕೂ ಏನಾದರೂ ಕಂಡರೆ ಮುಂದೇನು ಮಾಡಬೇಕು ಎಂದು ಆತನಿಗೆ ಯಾರಾದರೂ ಕೂರಿಸಿ ಹೇಳಿಕೊಟ್ಟಿದ್ದರೆ ಅದೇ ಹೆಚ್ಚು.

ಅಮೆರಿಕದ ರಾಜ್ಯಶಾಸ್ತ್ರಜ್ಞ ಜಾನ್ ಮುಲ್ಲರ್ ಈ ಕಾವಲಿನ ಖರ್ಚನ್ನೇ ಪ್ರಶ್ನಿಸಿದವರು. ಅವರ ಪ್ರಕಾರ ಅಪಾಯದ ಅಳತೆಗೂ ಸುರಿಯುವ ಹಣಕ್ಕೂ ತಾಳೆಯೇ ಇಲ್ಲ, ಒಂದು ಜಾಗ ಭದ್ರವಾದರೆ ದಾಳಿ ಇನ್ನೊಂದು ಜಾಗಕ್ಕೆ ಸರಿಯುತ್ತದೆ. ತಪಾಸಣೆಗೆಂದು ನಿಂತ ಸಾಲೇ ಹೊಸ ಗುರಿಯಾಗಬಹುದು. ಭಯಕ್ಕೂ ಬೆಲೆ ತೆರಬೇಕಾಗುತ್ತದೆ ಎಂದು ತೋರಿಸಿದವರು ಜರ್ಮನಿಯ ಗೆರ್ಡ್ ಗಿಗೆರೆನ್ಸರ್. 2001ರ ಸೆಪ್ಟೆಂಬರ್ 11ರ ನಂತರ ಅಮೆರಿಕನ್ನರು ವಿಮಾನಕ್ಕೆ ಹೆದರಿ ಕಾರು ಹಿಡಿದ ಒಂದು ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ಸುಮಾರು 1,500 ಜನ ಹೆಚ್ಚಿಗೆ ಸತ್ತರೆಂದು ಅವರ ಅಂದಾಜು.

ಕ್ಯಾಮೆರಾಗಳ ವಿಷಯದಲ್ಲಿ ಎರಡು ಕೆಲಸಗಳನ್ನು ನಾವು ಸದಾ ಕಲೆಸಿಬಿಡುತ್ತೇವೆ. ಕೆಫೆಯ ಸಿಸಿಟಿವಿ ಬಾಂಬನ್ನು ತಡೆಯಲಿಲ್ಲ. ಆದರೆ ಕೆಫೆ, ಬೀದಿ, ಬಿಎಂಟಿಸಿ ಬಸ್ಸುಗಳ ದೃಶ್ಯಗಳನ್ನು ಜೋಡಿಸಿ, ತಲೆಯ ಮೇಲಿದ್ದ ಟೋಪಿಯ ಜಾಡು ಹಿಡಿದು ಹೋದ ತನಿಖೆ ಏಪ್ರಿಲ್ 12ರಂದು ಕೋಲ್ಕತ್ತದ ಬಳಿ ಇಬ್ಬರನ್ನು ಹಿಡಿಯಿತು. ಜನ ಸೇರುವ ಕಡೆ ಕ್ಯಾಮೆರಾ ಇಟ್ಟು 30 ದಿನದ ದೃಶ್ಯ ಉಳಿಸಿಕೊಳ್ಳಬೇಕೆಂದು ಹೇಳುವ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಉಪಯೋಗವೂ ಇಂಥದ್ದೇ. ಕಳ್ಳನನ್ನು ಹಿಡಿಯಲು ಅನುಕೂಲ, ತಡೆಯಲು ಅಷ್ಟಕ್ಕಷ್ಟೇ.

ಎಷ್ಟೋ ಸಲ ಕೊರತೆ ಕಾವಲಿನದ್ದೂ ಅಲ್ಲ, ಮಾಹಿತಿಯದ್ದೂ ಅಲ್ಲ. 2019ರ ಏಪ್ರಿಲ್ 21ರ ಈಸ್ಟರ್ ದಿನ ಶ್ರೀಲಂಕಾದ ಚರ್ಚು, ಹೋಟೆಲುಗಳಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಚುನಾವಣಾ ಪ್ರಚಾರ ಮುಗಿಸಿ ಸುತ್ತಾಡಲು ಹೋಗಿದ್ದ ಕರ್ನಾಟಕದವರೂ ಅವರಲ್ಲಿದ್ದರು. ದಾಳಿಯ ಸುಳಿವನ್ನು ಭಾರತ ಮೊದಲೇ ಕೊಟ್ಟಿತ್ತು, ಅದು ಕಡತದಲ್ಲೇ ಉಳಿಯಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನರು ಕೈಯಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಎಚ್ಚರಿಕೆ ಕೈಯಲ್ಲಿದ್ದೂ ಸುಮ್ಮನಿದ್ದುದಕ್ಕೆ ರಾಷ್ಟ್ರದ ಮುಖ್ಯಸ್ಥರೇ ದಂಡ ತೆರಬೇಕಾಗಿ ಬಂದ ಉದಾಹರಣೆ ಅಪರೂಪ.

ಜನ ದಿಕ್ಕೆಟ್ಟು ಓಡುತ್ತಾರೆಯೇ?

ಆಡಳಿತಗಾರರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವ ಒಂದು ನಂಬಿಕೆಯಿದೆ: ಬಾಂಬ್ ಸಿಡಿದರೆ ಜನ ಬುದ್ಧಿ ಕಳೆದುಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ತುಳಿಯುತ್ತಾರೆ, ಹಾಗಾಗಿ ಅವರಿಗೆ ಹೆಚ್ಚು ಹೇಳಬಾರದು. ಎರಡನೇ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ತಜ್ಞರು, ಬಾಂಬ್ ದಾಳಿಯಾದರೆ ಲಕ್ಷಗಟ್ಟಲೆ ಜನ ಮನೋರೋಗಿಗಳಾಗುತ್ತಾರೆಂದು ಲೆಕ್ಕ ಹಾಕಿದ್ದರು. ಲಂಡನ್ ಮೇಲೆ ತಿಂಗಳುಗಟ್ಟಲೆ ಬಾಂಬ್ ಬಿದ್ದರೂ ಅವರು ನಿರೀಕ್ಷಿಸಿದ ರೋಗಿಗಳು ಬರಲಿಲ್ಲ. ಎನ್ರಿಕೊ ಕ್ವಾರಂಟೆಲ್ಲಿ ಮೊದಲಾದ ಸಮಾಜಶಾಸ್ತ್ರಜ್ಞರು 1950ರ ದಶಕದಿಂದಲೂ, ವಿಪತ್ತಿನಲ್ಲಿ ಸಾಮೂಹಿಕ ಗಾಬರಿ ಬಲು ಅಪರೂಪ ಎನ್ನುತ್ತಲೇ ಬಂದರು. 2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲೂ ಒಂದು ಬಸ್ಸಿನಲ್ಲೂ ಬಾಂಬ್ ಸಿಡಿದು 52 ಜನ ಸತ್ತರು. ಬದುಕಿ ಉಳಿದವರನ್ನು ಮಾತಾಡಿಸಿದ ಜಾನ್ ಡ್ರೂರಿ ಮತ್ತು ಸಂಗಡಿಗರಿಗೆ ಕಂಡದ್ದು ಬೇರೆಯೇ ಚಿತ್ರ: ಕತ್ತಲೆಯಲ್ಲಿ, ಹೊಗೆಯಲ್ಲಿ, ಮುಖಪರಿಚಯವೇ ಇಲ್ಲದ ಜನ ಒಬ್ಬರಿಗೊಬ್ಬರು ನೀರು ಕೊಟ್ಟು, ಗಾಯ ಕಟ್ಟಿ, ಮಾತಾಡಿಸುತ್ತ ಕೂತಿದ್ದರು. ಎಲ್ಲರ ಮೇಲೂ ಬಿದ್ದ ಒಂದೇ ಕಷ್ಟ ಅವರನ್ನು ಒಂದು ಮಾಡಿತ್ತು.

ಇದಕ್ಕೆ ನಾವು ಲಂಡನ್‌ವರೆಗೆ ಹೋಗಬೇಕಿಲ್ಲ. 2006ರ ಜುಲೈ 11ರ ಸಂಜೆ ಮುಂಬೈನ ಪಶ್ಚಿಮ ಮಾರ್ಗದ ಲೋಕಲ್ ರೈಲುಗಳ ಫಸ್ಟ್ ಕ್ಲಾಸ್ ಬೋಗಿಗಳಲ್ಲಿ ಹನ್ನೊಂದು ನಿಮಿಷದೊಳಗೆ ಏಳು ಬಾಂಬ್ ಸಿಡಿದವು. ಮಳೆಗಾಲ, ಮನೆಗೆ ಮರಳುವ ಹೊತ್ತು, ಒಂದು ಕಾಲಿಡಲೂ ಜಾಗವಿಲ್ಲದ ಬೋಗಿ. ಫೋನುಗಳು ಸತ್ತಿದ್ದವು. ಆಂಬುಲೆನ್ಸ್ ಬರುವ ಮುಂಚೆ ಬಂದವರು ಹಳಿ ಪಕ್ಕದ ಜೋಪಡಿಗಳವರು. ಮನೆಯಲ್ಲಿದ್ದ ಹಾಸಿಗೆ ಹೊದಿಕೆ, ಸೀರೆ ತಂದು, ನಾಲ್ಕು ಮೂಲೆ ನಾಲ್ಕು ಜನ ಹಿಡಿದು, ಗಾಯಾಳುಗಳನ್ನು ಹಳಿಯಿಂದ ರಸ್ತೆಗೆ ಹೊತ್ತರು. ಸಿಕ್ಕ ರಿಕ್ಷಾ, ಟೆಂಪೊಗಳಲ್ಲಿ ಆಸ್ಪತ್ರೆಗೆ ಕಳಿಸಿದರು. ರಕ್ತ ಕೊಡಲು ಸಾಲು ನಿಂತರು. ಮಾರನೆಯ ದಿನ ಅದೇ ಹೊದಿಕೆಗಳ ಬದಲಿಗೆ ಬೇರೆಯದನ್ನು ಕೊಂಡುಕೊಡಬೇಕೆಂದು ಯಾವ ಸರ್ಕಾರಿ ಯೋಜನೆಯಲ್ಲೂ ಬರೆದಿರಲಿಕ್ಕಿಲ್ಲ.

2008ರ ನವೆಂಬರ್ 26ರ ರಾತ್ರಿಯೂ ಹಾಗೆಯೇ. ಸಿಎಸ್‌ಟಿ ನಿಲ್ದಾಣದ ಉದ್ಘೋಷಕ ವಿಷ್ಣು ಝೆಂಡೆ ತನ್ನ ಗಾಜಿನ ಕೋಣೆಯಿಂದ ಗುಂಡಿನ ದಾಳಿ ಕಂಡು, ಓಡಿಹೋಗದೆ ಮೈಕಿನಲ್ಲಿ ಪ್ರಯಾಣಿಕರಿಗೆ ಹೊರಬೀಳುವ ದಾರಿ ಹೇಳುತ್ತಲೇ ಇದ್ದರು. ಕಾಮಾ ಆಸ್ಪತ್ರೆಯ ನರ್ಸ್ ಒಬ್ಬರು ವಾರ್ಡಿನ 20 ಗರ್ಭಿಣಿಯರನ್ನು ಸದ್ದಿಲ್ಲದೆ ಒಳಕೋಣೆಗೆ ಸಾಗಿಸಿ ಬಾಗಿಲು ಹಾಕಿಕೊಂಡರು. 2011ರ ಜುಲೈ 22ರಂದು ನಾರ್ವೆಯಲ್ಲಿ 77 ಜನರ ಹತ್ಯೆಯಾದಾಗ, ಉಟೋಯಾ ದ್ವೀಪದಿಂದ ನೀರಿಗೆ ಹಾರಿದ ಮಕ್ಕಳನ್ನು ಎತ್ತಿಕೊಂಡವರು ಎದುರು ದಡದಲ್ಲಿ ರಜೆ ಕಳೆಯಲು ಬಂದಿದ್ದವರು, ತಮ್ಮ ಪುಟ್ಟ ದೋಣಿಗಳಲ್ಲಿ. ಪೊಲೀಸರ ದೋಣಿ ಭಾರ ತಾಳದೆ ಅರ್ಧದಲ್ಲೇ ಕೆಟ್ಟು ನಿಂತಿತ್ತು. ಮರುವರ್ಷ ಬಂದ ಯೋರ್ವ್ ಆಯೋಗದ ವರದಿ ಪೊಲೀಸ್ ವ್ಯವಸ್ಥೆಯ ವೈಫಲ್ಯವನ್ನು ಎಲ್ಲೂ ಮುಚ್ಚಿಡಲಿಲ್ಲ.

ಇಲ್ಲೊಂದು ಎಚ್ಚರ ಬೇಕು. ಜನ ತಾವೇ ನಿಭಾಯಿಸುತ್ತಾರೆ ಎಂಬ ಮಾತನ್ನು ಸರ್ಕಾರಗಳು ಬಲು ಇಷ್ಟಪಡುತ್ತವೆ. ‘ಮುಂಬೈ ಸ್ಪಿರಿಟ್’ ಎಂಬ ಹೊಗಳಿಕೆಗೆ ಮುಂಬೈಯವರೇ ರೋಸಿಹೋಗಿದ್ದು ಇದಕ್ಕೇ. ಮಾರನೆಯ ದಿನ ರೈಲು ಹತ್ತದಿದ್ದರೆ ಕೂಲಿ ಸಿಗುವುದಿಲ್ಲ, ಅದಕ್ಕೆ ಹತ್ತುತ್ತೇವೆ, ಅದರಲ್ಲಿ ಸ್ಪಿರಿಟ್ ಏನು ಬಂತು ಎಂಬ ಸಿಟ್ಟು ಅದು. 2008ರ ಡಿಸೆಂಬರ್ 3ರಂದು ಗೇಟ್‌ವೇ ಆಫ್ ಇಂಡಿಯಾ ಎದುರು ಸೇರಿದ ಸಾವಿರಾರು ಜನ ಆ ಸಿಟ್ಟನ್ನೇ ತೋರಿಸಿದರು. ಅಷ್ಟರಲ್ಲಿ ಕೇಂದ್ರ ಗೃಹ ಸಚಿವರ ರಾಜೀನಾಮೆಯಾಗಿತ್ತು.

ಗಾಬರಿ ಅಪರೂಪ ಎಂದಮಾತ್ರಕ್ಕೆ ಕಾಲ್ತುಳಿತವೂ ಅಪರೂಪ ಎಂದಲ್ಲ. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಐಪಿಎಲ್ ಪಂದ್ಯಕ್ಕೆ ಮುಂಚೆ ಬಾಂಬ್ ಸಿಡಿದಾಗ ಗ್ಯಾಲರಿ ತುಂಬಿತ್ತು. ಜನರನ್ನು ಹೊರಗೆ ಬಿಡದೆ, ಒಂದು ತಾಸು ತಡವಾಗಿ ಪಂದ್ಯ ಆಡಿಸಿದರು. ಅಷ್ಟು ಜನರನ್ನು ಒಮ್ಮೆಲೇ ಇಕ್ಕಟ್ಟಿನ ಗೇಟುಗಳತ್ತ ಕಳಿಸುವುದೇ ದೊಡ್ಡ ಅಪಾಯವಾಗಬಹುದಿತ್ತು. ಹದಿನೈದು ವರ್ಷ ಕಳೆದು, 2025ರ ಜೂನ್ 4ರಂದು ಅದೇ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಸತ್ತರು. ಅಂದು ಉಗ್ರರಿರಲಿಲ್ಲ, ಬಾಂಬಿರಲಿಲ್ಲ, ಇದ್ದದ್ದು ಗೆಲುವಿನ ಸಂಭ್ರಮ. ಭಯೋತ್ಪಾದನೆಗೆ ಬೇರೆ, ಬೆಂಕಿಗೆ ಬೇರೆ, ಜನಸಂದಣಿಗೆ ಬೇರೆ ಸಿದ್ಧತೆ ಎಂದು ಕಪಾಟು ಮಾಡಿಕೊಳ್ಳಬೇಡಿ, ಗೇಟು, ಮೈಕು, ಸ್ಟ್ರೆಚರು ಎಲ್ಲಕ್ಕೂ ಒಂದೇ ಎನ್ನುವ ಪಂಥದವರ ಮಾತು ನನಗೆ ಹೆಚ್ಚು ಹಿಡಿಸುವುದು ಇಂಥ ಕಡೆ.

ಎರಡನೇ ಬಾಂಬಿನ ಭಯ

ಸ್ಫೋಟದಲ್ಲಿ ಬದುಕಬಹುದಾದವರು ಸಾಯುವುದು ಬಹುಮಟ್ಟಿಗೆ ರಕ್ತ ಹರಿದು. 2013ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಮೂವರು ಸತ್ತರು, 260ಕ್ಕೂ ಹೆಚ್ಚು ಜನ ಗಾಯಗೊಂಡರು. ಆದರೆ ಆಸ್ಪತ್ರೆ ತಲುಪಿದವರೆಲ್ಲ ಉಳಿದರು. ಓಟ ಮುಗಿಯುವ ಗೆರೆಯ ಬಳಿ ವೈದ್ಯರ ಡೇರೆಯಿತ್ತು, ಅಲ್ಲಿದ್ದ ಜನ ಬೆಲ್ಟು ಬಟ್ಟೆ ಸಿಕ್ಕಿದ್ದರಲ್ಲಿ ಕಾಲುಗಳನ್ನು ಬಿಗಿದು ಕಟ್ಟಿದ್ದರು. ರಕ್ತ ನಿಲ್ಲಿಸುವುದನ್ನು ಸಾಮಾನ್ಯರಿಗೆ ಕಲಿಸುವ ಅಭಿಯಾನ 2015ರಲ್ಲಿ ಅಮೆರಿಕದಲ್ಲಿ ಶುರುವಾಯಿತು.

ಮ್ಯಾಂಚೆಸ್ಟರ್‌ನಲ್ಲಿ ಇದರ ತಿರುಗುಮುರುಗು. 2017ರ ಮೇ 22ರಂದು ಸಂಗೀತ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಆತ್ಮಾಹುತಿ ಬಾಂಬಿಗೆ 22 ಜನ ಬಲಿಯಾದರು. ಇನ್ನೂ ದಾಳಿಕೋರರಿರಬಹುದು ಎಂಬ ಶಂಕೆಯಿಂದ ಅಗ್ನಿಶಾಮಕ ದಳ ಸ್ಥಳಕ್ಕೆ ಬರಲು ಎರಡು ತಾಸು ಮೀರಿತು. ಸ್ಫೋಟವಾದ ಆವರಣದೊಳಕ್ಕೆ ಹೋದ ಅರೆವೈದ್ಯಕೀಯ ಸಿಬ್ಬಂದಿ ಮೂವರೇ. ಗಾಯಾಳುಗಳನ್ನು ಜಾಹೀರಾತು ಹಲಗೆಗಳ ಮೇಲೆ, ತಡೆಬೇಲಿಗಳ ಮೇಲೆ ಮಲಗಿಸಿ ಹೊರಗೆ ತರಬೇಕಾಯಿತು. ವಿಚಾರಣೆ ನಡೆಸಿದ ಜಾನ್ ಸಾಂಡರ್ಸ್ ಈ ವಿಳಂಬವನ್ನು ಖಂಡಿಸಿದರು.

ಹಾಗಾದರೆ ಕಾಯದೆ ನುಗ್ಗಬೇಕೇ? ಅಹಮದಾಬಾದ್‌ನವರನ್ನು ಕೇಳಬೇಕು. 2008ರ ಜುಲೈ 26ರಂದು, ಬೆಂಗಳೂರಿನ ಸರಣಿ ಸ್ಫೋಟದ ಮಾರನೆಯ ದಿನ, ಅಲ್ಲಿ ಮೊದಲ ಬಾಂಬುಗಳಿಗೆ ಗಾಯಗೊಂಡವರನ್ನು ಸಾಗಿಸಿದ ಆಸ್ಪತ್ರೆಗಳಲ್ಲೇ ಮುಂದಿನ ಬಾಂಬುಗಳನ್ನು ಇಟ್ಟಿದ್ದರು. ಸಹಾಯಕ್ಕೆ ಬಂದವರು, ಆಸ್ಪತ್ರೆಯಲ್ಲಿದ್ದ ವೈದ್ಯರು ಬಲಿಯಾದರು. ಎರಡನೇ ಬಾಂಬಿನ ಭಯ ಮ್ಯಾಂಚೆಸ್ಟರ್‌ನಲ್ಲಿ ಪ್ರಾಣಕ್ಕೆ ಎರವಾಯಿತು, ಅಹಮದಾಬಾದ್‌ನಲ್ಲಿ ಆ ಭಯ ಸಾಲದೇ ಹೋಯಿತು.

ನಮ್ಮಲ್ಲಿ ಮುಟ್ಟಲು ಹಿಂಜರಿಯುವುದಕ್ಕೆ ಇನ್ನೊಂದು ಕಾರಣ ಪೊಲೀಸ್ ಠಾಣೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಸಾಕ್ಷಿ, ಮಹಜರು, ಕೋರ್ಟು ಎಂದು ಅಲೆಯಬೇಕು ಎಂಬ ಅಂಜಿಕೆ ಈಗಲೂ ಹೋಗಿಲ್ಲ. ಇಂಥವರ ರಕ್ಷಣೆಗೆ ಕರ್ನಾಟಕ 2016ರಲ್ಲೇ ಗುಡ್ ಸಮಾರಿಟನ್ ಕಾಯ್ದೆ ಮಾಡಿದೆ. ನಿಮ್ಮ ಓಣಿಯಲ್ಲಿ ಎಷ್ಟು ಜನರಿಗೆ ಅದು ಗೊತ್ತು, ವಿಚಾರಿಸಿ ನೋಡಿ. 2025ರ ಮೇ 7ರಂದು, ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾದ ಎರಡು ವಾರಕ್ಕೆ ದೇಶದಾದ್ಯಂತ ಅಣಕು ಕಾರ್ಯಾಚರಣೆ ನಡೆದಾಗ ಬೆಂಗಳೂರಿನ ಹಲಸೂರಿನಲ್ಲೂ ಸೈರನ್ ಕೂಗಿತು. 1968ರ ಪೌರ ರಕ್ಷಣಾ ಕಾಯ್ದೆ ಎಂದೊಂದಿದೆ ಎಂದು ಬಹಳ ಮಂದಿಗೆ ತಿಳಿದದ್ದೇ ಆಗ.

ಟಿವಿ ಮುಂದೆ ಕೂತವರು

ಬಾಸ್ಟನ್ ಸ್ಫೋಟದ ನಂತರ ರಾಕ್ಸೇನ್ ಕೋಹೆನ್ ಸಿಲ್ವರ್ ಮತ್ತಿತರರು ನಡೆಸಿದ ಅಧ್ಯಯನದಲ್ಲಿ ವಿಚಿತ್ರವೊಂದು ಕಂಡಿತು. ಸ್ಥಳದಲ್ಲಿದ್ದವರಿಗಿಂತ, ಮುಂದಿನ ವಾರವಿಡೀ ದಿನಕ್ಕೆ ಆರು ತಾಸು ಮೇಲ್ಪಟ್ಟು ಅದೇ ಸುದ್ದಿ, ಅದೇ ದೃಶ್ಯ ನೋಡಿದವರ ಮನಸ್ಸಿನ ಒತ್ತಡ ಹೆಚ್ಚಿತ್ತು. ಅಂದರೆ ದಾಳಿಯ ಗಾಯಾಳುಗಳು ಸಾವಿರ ಮೈಲಿ ದೂರದಲ್ಲೂ ಇರಬಹುದು. ಕಸಬ್ ಪ್ರಕರಣದ 2012ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಟಿವಿ ವಾಹಿನಿಗಳ ನೇರ ಪ್ರಸಾರವನ್ನು ಕಟುವಾಗಿ ಟೀಕಿಸಿತು, 2015ರಲ್ಲಿ ಕಾರ್ಯಾಚರಣೆಯ ನೇರ ಪ್ರಸಾರಕ್ಕೆ ನಿರ್ಬಂಧ ಬಂತು. ಆ ಹೊತ್ತಿಗೆ ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇತ್ತು, ಅದನ್ನು ಯಾವ ನಿಯಮ ತಾನೆ ಹಿಡಿದೀತು?

ನೊಂದವರನ್ನು ತಕ್ಷಣ ಕೂರಿಸಿ ಎಲ್ಲವನ್ನೂ ಬಾಯಿಬಿಡಿಸುವ ಪದ್ಧತಿ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಅದರಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೇ ಆದೀತು ಎಂದು ಆಮೇಲಿನ ಪರಿಶೀಲನೆಗಳು ಹೇಳಿದವು. ಈಗ ಒತ್ತು ಇರುವುದು ಊಟ, ಸೂರು, ಮನೆಯವರ ಸುದ್ದಿ, ಪಕ್ಕದಲ್ಲೊಬ್ಬರು ಇರುವುದು ಇಂಥವುಗಳ ಮೇಲೆ. ಭೋಪಾಲ್ ಅನಿಲ ದುರಂತದಿಂದ ಸುನಾಮಿವರೆಗೆ ಕೆಲಸ ಮಾಡಿದ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಊರಿನ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಈ ದಾರಿಯಲ್ಲಿ ನಡೆದಿದ್ದರು. ಬಹುಪಾಲು ಜನ ಕೆಲ ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದವರನ್ನು ವರ್ಷಗಳ ನಂತರ ಹುಡುಕಿ ಹೋಗುವವರು ಯಾರು ಎಂಬುದು ಬೇರೆ ಮಾತು.

ಪಕ್ಕದ ಮನೆಯವರ ಮೇಲಿನ ಅನುಮಾನ

ಸಮಾಜವನ್ನು ಒಡೆಯುವುದೇ ದಾಳಿಯ ಉದ್ದೇಶವಾದ್ದರಿಂದ ಒಡೆಯದೇ ಇರುವುದೇ ನಿಜವಾದ ಸಿದ್ಧತೆ ಎನ್ನುವುದು ನಾಲ್ಕನೇ ಪಂಥ. ಅದರ ಕೈಯಲ್ಲಿ ಅಂಕಿಅಂಶ ಕಡಿಮೆ, ಅನುಭವ ಹೆಚ್ಚು. ಪುಲ್ವಾಮಾ ಮತ್ತು ಪಹಲ್ಗಾಮ್ ದಾಳಿಗಳ ನಂತರ ಹಲವು ಊರುಗಳಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳು ಹಾಸ್ಟೆಲ್ ಬಿಟ್ಟು ಓಡಬೇಕಾಯಿತು. ಪಹಲ್ಗಾಮ್ ದಾಳಿಯನ್ನು ಖಂಡಿಸಿ ಕಾಶ್ಮೀರದವರೇ ಅಂಗಡಿ ಮುಚ್ಚಿ ಬೀದಿಗಿಳಿದದ್ದೂ ಅದೇ ವಾರ. ಬ್ರಿಟನ್ 2015ರಿಂದ ತೀವ್ರವಾದದತ್ತ ವಾಲುವ ಮಕ್ಕಳನ್ನು ಗುರುತಿಸುವ ಹೊಣೆಯನ್ನು ಶಾಲೆಗಳಿಗೆ ಹೊರಿಸಿತು. ಸಮರ್ಥಕರು ಅದನ್ನು ಆರೈಕೆ ಎಂದರು. ಮಕ್ಕಳು ಮೇಷ್ಟರ ಮುಂದೆ ಬಾಯಿಬಿಡುವುದನ್ನೇ ನಿಲ್ಲಿಸುತ್ತಾರೆ ಎಂದರು ಟೀಕಾಕಾರರು.

ನಮ್ಮಲ್ಲಿ ಈ ವಾದದ ಅತಿ ಗಟ್ಟಿ ಸಾಕ್ಷ್ಯ ನ್ಯಾಯಾಲಯದ ಕಡತಗಳಲ್ಲಿದೆ. 2002ರ ಅಕ್ಷರಧಾಮ ದಾಳಿಯ ಆರೂ ಆರೋಪಿಗಳನ್ನು ಸುಪ್ರೀಂ ಕೋರ್ಟ್ 2014ರ ಮೇ 16ರಂದು ಖುಲಾಸೆ ಮಾಡಿತು. 2006ರ ಮುಂಬೈ ರೈಲು ಸ್ಫೋಟದಲ್ಲಿ ವಿಶೇಷ ನ್ಯಾಯಾಲಯ 2015ರಲ್ಲಿ 12 ಜನರಿಗೆ ಶಿಕ್ಷೆ ವಿಧಿಸಿತ್ತು, ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಅವರೆಲ್ಲರನ್ನೂ ನಿರ್ದೋಷಿಗಳೆಂದಿತು. ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್, ಆ ತೀರ್ಪನ್ನು ಪೂರ್ವನಿದರ್ಶನವಾಗಿ ಬಳಸಬಾರದೆಂದು ತಡೆ ಕೊಟ್ಟಿತು, ಬಿಡುಗಡೆಯಾದವರನ್ನು ಮತ್ತೆ ಜೈಲಿಗೆ ಕಳಿಸಲಿಲ್ಲ. ಹತ್ತೊಂಬತ್ತು ವರ್ಷದ ಕೊನೆಗೆ ಎರಡು ಪಾಲು ಜನ ಉತ್ತರವಿಲ್ಲದೆ ನಿಂತಿದ್ದಾರೆ: ಯೌವನವನ್ನು ಜೈಲಿನಲ್ಲಿ ಕಳೆದವರು ಮತ್ತು ಮನೆಯವರನ್ನು ಕೊಂದದ್ದು ಯಾರೆಂದು ಇನ್ನೂ ತಿಳಿಯದವರು. ಸುಳ್ಳು ಸಾಕ್ಷ್ಯದಿಂದ ಒಬ್ಬನನ್ನು ಹಿಡಿದಿಟ್ಟರೆ ನಿಜವಾದವನು ಹೊರಗಿರುತ್ತಾನೆ ಎಂಬ ಸರಳ ಲೆಕ್ಕವನ್ನು ಕಠಿಣ ಕಾಯ್ದೆಯ ಪರ ಇರುವವರು ಇನ್ನೂ ಎದುರಿಸಿದ್ದು ಕಡಿಮೆ.

ಇತ್ಯರ್ಥವಾಗದೆ ಉಳಿದದ್ದು

ನಡೆಯದೇ ಹೋದ ದಾಳಿಯನ್ನು ಎಣಿಸುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಹೀಗಾಗಿ ಕಾಯ್ದೆ, ಕ್ಯಾಮೆರಾ, ಕಮಾಂಡೊ ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂಬ ಜಗಳ ಹಾಗೇ ಇದೆ. ಪೊಲೀಸ್ ವ್ಯವಸ್ಥೆ ರಾಜ್ಯದ ವಿಷಯ, ಭಯೋತ್ಪಾದನೆ ಗಡಿ ನೋಡುವುದಿಲ್ಲ. 2012ರಲ್ಲಿ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರದ ಪ್ರಸ್ತಾಪ ಮುಖ್ಯಮಂತ್ರಿಗಳ ವಿರೋಧಕ್ಕೆ ಬಿದ್ದುಹೋದ ಮೇಲೆ ಆ ಕಗ್ಗಂಟನ್ನು ಬಿಡಿಸಿದವರಿಲ್ಲ. ಸತ್ತವರ ಕುಟುಂಬಕ್ಕೆ ಕೇಂದ್ರದ ನೆರವು 2008ರಲ್ಲಿ 3 ಲಕ್ಷ ರೂಪಾಯಿ ಇತ್ತು, 2016ರಲ್ಲಿ 5 ಲಕ್ಷವಾಯಿತು. ಕಾಲು ಕಳೆದುಕೊಂಡು ಬದುಕಿ ಉಳಿದವನ ಕೃತಕ ಕಾಲು ಹತ್ತು ವರ್ಷದಲ್ಲಿ ಎಷ್ಟು ಸಲ ಬದಲಾಗಬೇಕು, ಅದರ ಖರ್ಚು ಯಾರದು ಎಂಬುದಕ್ಕೆ ಒಂದೇ ಕಂತಿನ ಪರಿಹಾರದಲ್ಲಿ ಜಾಗವಿಲ್ಲ.

ಎಲ್ಲಕ್ಕಿಂತ ಕುತೂಹಲದ್ದು ಹೊಣೆ ಯಾರದೆಂಬ ಪ್ರಶ್ನೆ. ಮ್ಯಾಂಚೆಸ್ಟರ್‌ನಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಹೋರಾಟದಿಂದ ಬ್ರಿಟನ್ 2025ರ ಏಪ್ರಿಲ್‌ನಲ್ಲಿ ಹೊಸ ಕಾಯ್ದೆ ಮಾಡಿದೆ. 200 ಜನ ಸೇರುವ ಜಾಗಗಳ ಮಾಲೀಕರು ದಾಳಿಯಾದರೆ ಏನು ಮಾಡಬೇಕೆಂದು ಮೊದಲೇ ಯೋಚಿಸಿಟ್ಟಿರಬೇಕು, 800 ದಾಟಿದರೆ ನಿಯಮ ಇನ್ನೂ ಬಿಗಿ. ಚಿನ್ನಸ್ವಾಮಿ ದುರಂತದ ನಂತರ ಕರ್ನಾಟಕ ಸರ್ಕಾರವೂ ಜನಸಂದಣಿ ನಿಯಂತ್ರಣದ ಮಸೂದೆಯನ್ನು ಸದನಕ್ಕೆ ತಂದು ಕಾರ್ಯಕ್ರಮದ ಆಯೋಜಕರನ್ನು ಹೊಣೆ ಮಾಡಲು ಹೊರಟಿತು. ಟಿಕೆಟ್, ಬಾಗಿಲು, ಮಾಲೀಕ ಇರುವ ಕಡೆ ಇದು ನಡೆದೀತು. ನಮ್ಮ ಜನ ಸೇರುವುದು ಹೆಚ್ಚಾಗಿ ಇವು ಮೂರೂ ಇಲ್ಲದ ಕಡೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಲಕ್ಷಾಂತರ ಜನ ಬರುತ್ತಾರೆ, ಬುಲ್ ಟೆಂಪಲ್ ರಸ್ತೆಯೇ ಅದರ ಅಂಗಳ. ಅದರ ಆಯೋಜಕರು ಯಾರು: ದೇವಸ್ಥಾನವೇ, ಮುಜರಾಯಿ ಇಲಾಖೆಯೇ, ಪಾಲಿಕೆಯೇ, ಬಂದೋಬಸ್ತಿಗೆ ನಿಂತ ಪೊಲೀಸರೇ, ರಾಶಿ ಹಾಕಿಕೊಂಡು ಕೂತ ಕಡಲೆಕಾಯಿ ವ್ಯಾಪಾರಿಗಳೇ?